ವೃದ್ಧರಲ್ಲಿ ಪಿತ್ತಕೋಶದ ಕಲ್ಲಿನಿಂದ ಉಂಟಾಗುವ ಕರುಳಿನ ತಡೆ: ರೋಗನಿದಾನ ಮತ್ತು ಚಿಕಿತ್ಸೆ

ಪೀಠಿಕೆ

ಶರೀರದ ಒಂದು ಅವಯವದಲ್ಲಿ ಹುಟ್ಟಿದ ವ್ಯಾಧಿಯು ಆ ಅವಯವದ ಎಲ್ಲೆಯೊಳಗೇ ಉಳಿಯಬೇಕೆಂಬ ನಿಯಮವೇನೂ ಇಲ್ಲ. ಪಿತ್ತಕೋಶದಲ್ಲಿ ಬೆಳೆದ ಕಲ್ಲು ಹಲವು ವರ್ಷಗಳ ಕಾಲ ಯಾವ ಉಪದ್ರವವನ್ನೂ ಕೊಡದೆ ಸುಮ್ಮನಿದ್ದು, ಮುಪ್ಪಿನ ಕಾಲದಲ್ಲಿ ತನ್ನ ನೆಲೆಯನ್ನು ಬಿಟ್ಟು ಕರುಳಿಗೆ ಇಳಿದು, ಅಲ್ಲಿಯ ಮಾರ್ಗವನ್ನೇ ಮುಚ್ಚಿಬಿಡುವುದುಂಟು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಗಾಲ್‌ಸ್ಟೋನ್ ಇಲಿಯಸ್’ ಎಂಬ ಹೆಸರು ರೂಢಿಯಲ್ಲಿದೆ. ಈ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ‘ಇಲಿಯಸ್’ ಎಂಬ ಮಾತನ್ನು ಈಗ ಸಾಮಾನ್ಯವಾಗಿ ಕರುಳು ಚಲನೆಯನ್ನು ಕಳೆದುಕೊಂಡು ನಿಶ್ಚೇಷ್ಟವಾಗುವುದಕ್ಕೆ ಬಳಸುತ್ತಾರೆ. ಇಲ್ಲಿಯಾದರೋ ಕರುಳು ನಿಶ್ಚೇಷ್ಟವಾಗಿರುವುದಿಲ್ಲ. ಅಡ್ಡ ಸಿಕ್ಕಿಕೊಂಡ ಕಲ್ಲನ್ನು ಮುಂದಕ್ಕೆ ನೂಕಲು ಅದು ಹೆಣಗಾಡುತ್ತಿರುತ್ತದೆ. ಆದುದರಿಂದ ಇದು ನಿಜಕ್ಕೂ ಯಾಂತ್ರಿಕವಾದ ತಡೆ.

ಈ ವ್ಯಾಧಿ ವಿರಳವಾದುದು. ಅಮೆರಿಕದ ಆಸ್ಪತ್ರೆಗಳ ೨೦೦೪ರಿಂದ ೨೦೦೯ರವರೆಗಿನ ದಾಖಲೆಗಳನ್ನು ಪರಿಶೀಲಿಸಿ ೨೦೧೪ರಲ್ಲಿ ಪ್ರಕಟಿಸಲಾದ ಒಂದು ಅಧ್ಯಯನದ ಪ್ರಕಾರ, ಯಾಂತ್ರಿಕ ಕರುಳಿನ ತಡೆಯ ಸಾವಿರ ಪ್ರಕರಣಗಳಲ್ಲಿ ಸುಮಾರು ಒಂದು ಮಾತ್ರ ಪಿತ್ತಕೋಶದ ಕಲ್ಲಿನಿಂದ ಉಂಟಾದುದು. ಹಳೆಯ ಗ್ರಂಥಗಳಲ್ಲಿ ಈ ಪ್ರಮಾಣವನ್ನು ನೂರಕ್ಕೆ ಒಂದರಿಂದ ನಾಲ್ಕು ಎಂದು ಹೇಳಲಾಗಿತ್ತು. ವಿರಳವಾದರೂ ಇದನ್ನು ಅರಿಯಬೇಕಾದುದಕ್ಕೆ ಬಲವಾದ ಕಾರಣವಿದೆ. ಇದು ಹೆಚ್ಚಾಗಿ ಅರುವತ್ತು ದಾಟಿದವರನ್ನು, ಅವರಲ್ಲಿಯೂ ವಿಶೇಷವಾಗಿ ಸ್ತ್ರೀಯರನ್ನು ಹಿಡಿಯುತ್ತದೆ. ಅವರಲ್ಲಿ ಬಹುಮಂದಿಗೆ ಮೊದಲೇ ಸಕ್ಕರೆ ರೋಗ, ರಕ್ತದೊತ್ತಡ, ಹೃದ್ರೋಗಗಳಿರುತ್ತವೆ. ನೋವು ಬಂದು ಹೋಗುವ ಸ್ವಭಾವದ್ದಾದುದರಿಂದ ರೋಗನಿದಾನ ತಡವಾಗುತ್ತದೆ. ಪ್ರಾಣಕ್ಕೆ ಎರವಾಗುವುದು ಕಲ್ಲಿಗಿಂತಲೂ ಹೆಚ್ಚಾಗಿ ಈ ವಿಳಂಬವೇ.

ಇತಿಹಾಸ

ಡೆನ್ಮಾರ್ಕಿನ ಶರೀರರಚನಾ ಶಾಸ್ತ್ರಜ್ಞ ಥಾಮಸ್ ಬಾರ್ಥೊಲಿನ್ ಎಂಬವರು ೧೬೫೪ರಲ್ಲಿ ಶವಪರೀಕ್ಷೆಯೊಂದರಲ್ಲಿ ಪಿತ್ತಕೋಶಕ್ಕೂ ಕರುಳಿಗೂ ನಡುವೆ ಏರ್ಪಟ್ಟಿದ್ದ ಅಸಹಜ ಮಾರ್ಗವನ್ನೂ ಕರುಳಿಗೆ ಜಾರಿದ್ದ ಕಲ್ಲನ್ನೂ ವರ್ಣಿಸಿದರು. ೧೮೯೦ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಕೂರ್ವಾಜಿಯೇ ೧೩೧ ಪ್ರಕರಣಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದಾಗ ಮರಣ ಪ್ರಮಾಣ ಶೇಕಡ ೪೪ರಷ್ಟಿತ್ತು. ೧೮೯೬ರಲ್ಲಿ ಫ್ರಾನ್ಸಿನ ವೈದ್ಯ ಲೆಯೋ ಬೂವ್ರೆ, ಕಲ್ಲು ಜಠರದ ಹೊರದಾರಿಯಲ್ಲಿಯೇ ಸಿಕ್ಕಿಕೊಳ್ಳುವ ಬಗೆಯನ್ನು ವಿವರಿಸಿದರು. ೧೮೯೫ರಲ್ಲಿ ರಾಂಟ್ಜನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಜೀವಂತ ಶರೀರದೊಳಗಣ ಕಲ್ಲನ್ನು ಕಾಣುವ ಮಾರ್ಗ ತೆರೆಯಿತು. ೧೯೪೧ರಲ್ಲಿ ಅಮೆರಿಕದ ರಿಗ್ಲರ್ ಮತ್ತು ಅವರ ಸಂಗಡಿಗರು ಈ ವ್ಯಾಧಿಯ ಕ್ಷ-ಕಿರಣ ಲಕ್ಷಣಗಳನ್ನು ಕ್ರಮಬದ್ಧವಾಗಿ ನಿರೂಪಿಸಿದರು. ೧೯೭೧ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ಪ್ರಯೋಗವಾದ ಸಿ.ಟಿ. ಸ್ಕ್ಯಾನ್ ಮುಂದೆ ಹೊಟ್ಟೆಯ ಪರೀಕ್ಷೆಗೂ ಬಂದ ಬಳಿಕ ಈ ನಿದಾನ ಇನ್ನಷ್ಟು ಖಚಿತವಾಯಿತು. ಮೇಲೆ ಹೇಳಿದ ೨೦೧೪ರ ಅಧ್ಯಯನದಲ್ಲಿ ಒಟ್ಟು ಮರಣ ಪ್ರಮಾಣ ಶೇಕಡ ೬.೬೭ ಮಾತ್ರ. ಶೇಕಡ ೪೪ರಿಂದ ಇಲ್ಲಿಯವರೆಗೆ ಇಳಿದ ಈ ದಾರಿ ವೈದ್ಯಶಾಸ್ತ್ರದ ಒಂದು ದೊಡ್ಡ ಸಾಧನೆ.

ಪಿತ್ತಕೋಶ ಮತ್ತು ಅದರ ಕಲ್ಲುಗಳು

ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿಗೂ ಮಿಕ್ಕಿ ಪಿತ್ತರಸವನ್ನು ಸ್ರವಿಸುತ್ತದೆ. ಯಕೃತ್ತಿನ ಅಡಿಯಲ್ಲಿ ಪುಟ್ಟ ಚೀಲದಂತೆ ತೂಗುವ ಪಿತ್ತಕೋಶವು ಅದರಲ್ಲಿ ಒಂದು ಭಾಗವನ್ನು ತನ್ನೊಳಗೆ ಶೇಖರಿಸಿ, ನೀರಿನಂಶವನ್ನು ಹೀರಿ, ಗಟ್ಟಿಗೊಳಿಸುತ್ತದೆ. ಅದರಲ್ಲಿ ಹಿಡಿಸುವುದು ೩೦ರಿಂದ ೫೦ ಮಿಲಿಲೀಟರಿನಷ್ಟು ರಸ. ಜಿಡ್ಡಿನ ಆಹಾರ ಜಠರವನ್ನು ದಾಟಿ ಕರುಳಿಗೆ ಬಂದೊಡನೆ ಪಿತ್ತಕೋಶ ಸಂಕುಚಿಸಿ, ಈ ರಸವನ್ನು ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್ಮಿಗೆ ಸುರಿಯುತ್ತದೆ.

ಪಿತ್ತರಸದಲ್ಲಿ ಕೊಲೆಸ್ಟರಾಲ್, ಪಿತ್ತಲವಣ ಮತ್ತು ಲೆಸಿಥಿನ್ ಎಂಬ ವಸ್ತುಗಳು ಒಂದು ಹದದಲ್ಲಿರುತ್ತವೆ. ಈ ಹದ ಕೆಟ್ಟು ಕೊಲೆಸ್ಟರಾಲ್ ಹೆಚ್ಚಾದಾಗ ಅದು ಹರಳುಗಟ್ಟಿ ಕಲ್ಲಾಗುತ್ತದೆ. ಕೆಂಪು ರಕ್ತಕಣಗಳು ಒಡೆದಾಗ ಉಂಟಾಗುವ ಬಿಲಿರುಬಿನ್ ಎಂಬ ವರ್ಣದ್ರವ್ಯದಿಂದಲೂ ಕಲ್ಲುಗಳಾಗುವುದುಂಟು. ಭಾರತದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಈ ವಿಷಯದಲ್ಲಿ ಗಣನೀಯವಾದ ಅಂತರವಿದೆ. ರೈಲ್ವೆ ನೌಕರರನ್ನು ಕುರಿತು ೧೯೬೮ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಉತ್ತರ ಭಾರತೀಯರಲ್ಲಿ ಪಿತ್ತಕೋಶದ ಕಲ್ಲು ದಕ್ಷಿಣ ಭಾರತೀಯರಿಗಿಂತ ಏಳು ಪಟ್ಟು ಹೆಚ್ಚಾಗಿ ಕಂಡುಬಂದಿತ್ತು. ಉತ್ತರದಲ್ಲಿ ಕೊಲೆಸ್ಟರಾಲ್ ಕಲ್ಲುಗಳೂ ದಕ್ಷಿಣದಲ್ಲಿ ವರ್ಣದ್ರವ್ಯದ ಕಲ್ಲುಗಳೂ ಹೆಚ್ಚು. ಆದರೂ ಕರ್ನಾಟಕದ ಹಿರಿಯರಲ್ಲಿ ಈ ಕಲ್ಲು ಅಪರೂಪವಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಅದು ಅನಿರೀಕ್ಷಿತವಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಅಂಥ ಕಲ್ಲುಗಳಲ್ಲಿ ಹೆಚ್ಚಿನವು ಜೀವಮಾನವಿಡೀ ತೊಂದರೆ ಕೊಡುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು.

ಕಲ್ಲು ಕರುಳಿಗೆ ಇಳಿಯುವ ಬಗೆ

ದೊಡ್ಡ ಕಲ್ಲು ಪಿತ್ತನಾಳದ ಕಿರಿದಾದ ದಾರಿಯಿಂದ ಕರುಳಿಗೆ ಬರುವುದು ಅಸಾಧ್ಯವೆಂದೇ ಹೇಳಬಹುದು. ಹಾಗಾದರೆ ಅದು ಬರುವುದೆಂತು? ಪಿತ್ತಕೋಶ ಮತ್ತೆ ಮತ್ತೆ ಉರಿಯೂತಕ್ಕೆ ಗುರಿಯಾದಾಗ ಪಕ್ಕದಲ್ಲಿರುವ ಡುಯೋಡಿನಮ್ಮಿಗೆ ಅಂಟಿಕೊಳ್ಳುತ್ತದೆ. ಒಳಗಿನ ಕಲ್ಲು ಅಂಟಿಕೊಂಡ ಗೋಡೆಯನ್ನು ಒತ್ತುತ್ತಾ ಹೋದಂತೆ ಆ ಭಾಗಕ್ಕೆ ರಕ್ತಸಂಚಾರ ಕುಂದಿ, ಗೋಡೆ ಸವೆದು, ಕೊನೆಗೆ ತೂತು ಬೀಳುತ್ತದೆ. ಹೀಗೆ ಎರಡು ಅವಯವಗಳ ನಡುವೆ ಉಂಟಾಗುವ ಅಸಹಜ ಮಾರ್ಗಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದರ ಮೂಲಕ ಕಲ್ಲು ಕರುಳಿಗೆ ಜಾರುತ್ತದೆ. ಕೆಲವೊಮ್ಮೆ ಈ ಮಾರ್ಗ ಜಠರಕ್ಕೋ ದೊಡ್ಡ ಕರುಳಿಗೋ ತೆರೆಯುವುದೂ ಉಂಟು.

ಕರುಳಿಗೆ ಬಂದ ಸಣ್ಣ ಕಲ್ಲು ಮಲದೊಡನೆ ಹೊರಟುಹೋಗುತ್ತದೆ. ಯಾರ ಗಮನಕ್ಕೂ ಬಾರದು. ಎರಡು, ಎರಡೂವರೆ ಸೆಂಟಿಮೀಟರಿಗಿಂತ ದಪ್ಪನಾದ ಕಲ್ಲು ಮಾತ್ರ ಸಾಮಾನ್ಯವಾಗಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳುವ ಸ್ಥಾನ ಬಹುಪಾಲು ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂ. ಅಲ್ಲಿ ಕರುಳಿನ ಒಳವ್ಯಾಸ ಕಿರಿದು, ನೂಕುವ ಶಕ್ತಿಯೂ ಕಡಿಮೆ. ಮುಂದೆ ದೊಡ್ಡ ಕರುಳಿನ ಬಾಗಿಲಲ್ಲಿ ಕವಾಟವೊಂದಿದೆ. ಕಲ್ಲು ಜಠರದ ಹೊರದಾರಿಯಲ್ಲಿ ನಿಂತರೆ ಅದು ಬೂವ್ರೆ ವರ್ಣಿಸಿದ ಬಗೆ. ದೊಡ್ಡ ಕರುಳಿನಲ್ಲಿ ಸಿಕ್ಕುವುದು ತೀರ ವಿರಳ. ಅಲ್ಲಿ ಮೊದಲೇ ಕಿರಿದಾದ ಭಾಗವಿದ್ದರೆ ಮಾತ್ರ ಹಾಗಾಗುತ್ತದೆ.

ಲಕ್ಷಣಗಳು

ಕರುಳಿನ ತಡೆಗೆ ನಾಲ್ಕು ಮುಖ್ಯ ಲಕ್ಷಣಗಳು: ಅಲೆ ಅಲೆಯಾಗಿ ಬರುವ ಹೊಟ್ಟೆನೋವು, ವಾಂತಿ, ಹೊಟ್ಟೆಯುಬ್ಬರ, ಮಲ ಮತ್ತು ಅಪಾನವಾಯು ಎರಡೂ ನಿಂತುಹೋಗುವುದು. ಪಿತ್ತಕೋಶದ ಕಲ್ಲಿನ ಪ್ರಸಂಗದಲ್ಲಿ ಇವುಗಳ ಜೊತೆಗೆ ಒಂದು ವೈಶಿಷ್ಟ್ಯವಿದೆ. ಕಲ್ಲು ಒಂದೆಡೆ ಸಿಕ್ಕಿ, ಮತ್ತೆ ಬಿಡಿಸಿಕೊಂಡು, ಮುಂದೆ ಉರುಳಿ, ಇನ್ನೊಂದೆಡೆ ಸಿಕ್ಕುತ್ತದೆ. ಸಿಕ್ಕಿದಾಗ ನೋವು ಮತ್ತು ವಾಂತಿ, ಬಿಡಿಸಿಕೊಂಡಾಗ ನೆಮ್ಮದಿ. ಹೀಗೆ ಕೆಲವು ದಿನಗಳ ಕಾಲ ನಡೆದು, ಕಡೆಗೆ ಇಲಿಯಂನ ಕಿರಿದಾದ ಭಾಗದಲ್ಲಿ ಭದ್ರವಾಗಿ ಕೂರುತ್ತದೆ.

ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಳ್ಳಿಯ ಮನೆಯೊಂದರಲ್ಲಿ ಎಪ್ಪತ್ತೈದು ವಯಸ್ಸಿನ ಅಜ್ಜಿ ಇದ್ದಾರೆಂದು ಭಾವಿಸೋಣ. ಸೋಮವಾರ ರಾತ್ರಿ ಅವರಿಗೆ ಹೊಟ್ಟೆನೋವು ಬಂದು ಎರಡು ಸಲ ವಾಂತಿಯಾಗುತ್ತದೆ. ಮನೆಯವರು ವಾಯು ಎಂದು ಬಗೆದು ಓಮದ ಕಷಾಯ ಕೊಡುತ್ತಾರೆ. ಮಂಗಳವಾರ ನೋವು ತಾನಾಗಿ ಇಳಿಯುತ್ತದೆ. ಕಷಾಯ ಗುಣಮಾಡಿತೆಂದು ಎಲ್ಲರಿಗೂ ಸಮಾಧಾನ. ಬುಧವಾರ ನೋವು ಮರಳಿ ಬಂದಾಗ ಹೊಟ್ಟೆ ಕಟ್ಟಿದೆಯೆಂದು ಹರಳೆಣ್ಣೆ ಕುಡಿಸುತ್ತಾರೆ. ಗುರುವಾರ ವಾಂತಿ ಹಸಿರು ಹಳದಿಯಾಗಿ, ಶುಕ್ರವಾರ ಮಲದ ವಾಸನೆಯುಳ್ಳದ್ದಾಗುತ್ತದೆ. ನಾಲಗೆ ಒಣಗಿದೆ, ಮೂತ್ರ ಕಡಿಮೆಯಾಗಿದೆ, ಮಾತು ತೊದಲುತ್ತಿದೆ. ಆಗ ಆಸ್ಪತ್ರೆಯ ನೆನಪಾಗುತ್ತದೆ. ಮನೆಯವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ನಡುವೆ ಬಂದ ಒಂದು ದಿನದ ನೆಮ್ಮದಿ ಅವರನ್ನು ಮೋಸಗೊಳಿಸಿತು.

ವೃದ್ಧರಲ್ಲಿ ನೋವಿನ ಅರಿವೇ ಕುಂದಿರುವುದುಂಟು. ಕರುಳು ಕೊಳೆಯುವ ಹಂತಕ್ಕೆ ಬಂದಿದ್ದರೂ ಹೊಟ್ಟೆ ಬಿಗಿಯಾಗದೆ, ಜ್ವರವೂ ಬಾರದೆ ಇರಬಹುದು. ಹೃದಯದ ಬಡಿತವನ್ನು ನಿಧಾನಗೊಳಿಸುವ ಮಾತ್ರೆಗಳನ್ನು ಸೇವಿಸುವವರಲ್ಲಿ ನಾಡಿಯ ವೇಗವೂ ಏರದು. ಪಿತ್ತಕೋಶದ ಹಿಂದಿನ ತೊಂದರೆಯ ಕತೆ ಎಲ್ಲರಲ್ಲಿಯೂ ಸಿಗುವುದಿಲ್ಲ. ಕಾಮಾಲೆ ಕಾಣುವುದು ಸ್ವಲ್ಪಮಂದಿಯಲ್ಲಿ ಮಾತ್ರ. ಆದುದರಿಂದ ಲಕ್ಷಣ ಸೌಮ್ಯವಾಗಿದೆಯೆಂದು ವ್ಯಾಧಿಯೂ ಸೌಮ್ಯವೆಂದು ತೀರ್ಮಾನಿಸಲಾಗದು.

ರೋಗನಿದಾನ

ಮೊದಲನೆಯದು ಕೈಯಿಂದ ಮಾಡುವ ಪರೀಕ್ಷೆ. ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಅದರ ಗಾಯದ ಕಲೆಯನ್ನು ನೋಡಬೇಕು. ತೊಡೆಸಂದು ಮತ್ತು ಹೊಕ್ಕುಳಿನ ಬಳಿ ಹರ್ನಿಯಾ ಇದೆಯೇ ಎಂದು ತಪ್ಪದೆ ಪರೀಕ್ಷಿಸಬೇಕು. ಏಕೆಂದರೆ ಕರುಳಿನ ತಡೆಗೆ ಸಾಮಾನ್ಯ ಕಾರಣಗಳು ಹಳೆಯ ಶಸ್ತ್ರಚಿಕಿತ್ಸೆಯ ಬಳಿಕ ಉಂಟಾದ ಅಂಟುವಿಕೆ, ಹರ್ನಿಯಾ ಮತ್ತು ಗಂತಿಗಳು. ಭಾರತದಲ್ಲಿ ಇವುಗಳ ಜೊತೆಗೆ ಕರುಳಿನ ಕ್ಷಯವನ್ನೂ ಮರೆಯುವಂತಿಲ್ಲ. ಗಾಯದ ಕಲೆಯೂ ಇಲ್ಲ, ಹರ್ನಿಯಾವೂ ಇಲ್ಲ, ರೋಗಿಯು ವೃದ್ಧೆ, ನೋವು ಬಿಟ್ಟು ಬಿಟ್ಟು ಬಂದಿದೆ ಎಂದಾದರೆ ಪಿತ್ತಕೋಶದ ಕಲ್ಲನ್ನು ನೆನೆಯಬೇಕು.

ಎರಡನೆಯದು ರಕ್ತಪರೀಕ್ಷೆ. ಸೋಡಿಯಂ, ಪೊಟ್ಯಾಸಿಯಂ, ಯೂರಿಯಾ, ಕ್ರಿಯಾಟಿನಿನ್, ಸಕ್ಕರೆ, ಬಿಳಿ ರಕ್ತಕಣಗಳ ಸಂಖ್ಯೆ, ಬಿಲಿರುಬಿನ್ ಇವುಗಳನ್ನು ನೋಡಬೇಕು, ಜೊತೆಗೆ ಇ.ಸಿ.ಜಿ. ತೆಗೆಯಬೇಕು. ಇವು ಕಲ್ಲನ್ನು ತೋರಿಸವು. ರೋಗಿಯ ಶರೀರ ಎಷ್ಟು ಬಳಲಿದೆ, ಶಸ್ತ್ರಚಿಕಿತ್ಸೆಯನ್ನು ಎಷ್ಟು ತಾಳಬಲ್ಲದು ಎಂಬುದನ್ನು ತಿಳಿಸುತ್ತವೆ.

ಮೂರನೆಯದು ಕ್ಷ-ಕಿರಣ ಚಿತ್ರ. ರಿಗ್ಲರ್ ಹೇಳಿದ ಮುಖ್ಯ ಲಕ್ಷಣಗಳು ಮೂರು: ಉಬ್ಬಿದ ಸಣ್ಣ ಕರುಳು, ಪಿತ್ತನಾಳಗಳಲ್ಲಿ ಗಾಳಿ, ಇರಬಾರದ ಸ್ಥಾನದಲ್ಲಿ ಕಲ್ಲು. ಕರುಳಿನೊಳಗಣ ಗಾಳಿ ಫಿಸ್ಟುಲಾದ ಮೂಲಕ ಪಿತ್ತನಾಳಗಳನ್ನು ಹೊಕ್ಕಿರುವುದೇ ಎರಡನೆಯ ಲಕ್ಷಣಕ್ಕೆ ಕಾರಣ. ಹಿಂದಿನ ಚಿತ್ರದಲ್ಲಿ ಕಂಡಿದ್ದ ಕಲ್ಲು ಮುಂದಿನ ಚಿತ್ರದಲ್ಲಿ ಸ್ಥಾನ ಬದಲಿಸಿದ್ದರೆ ಅದೂ ಒಂದು ಸಾಕ್ಷ್ಯ. ಆದರೆ ಈ ಮೂರೂ ಒಟ್ಟಿಗೆ ಕಾಣುವುದು ಅರ್ಧಕ್ಕಿಂತ ಕಡಿಮೆ ರೋಗಿಗಳಲ್ಲಿ. ಪಿತ್ತಕೋಶದ ಕಲ್ಲುಗಳಲ್ಲಿ ಹೆಚ್ಚಿನವುಗಳಲ್ಲಿ ಸುಣ್ಣದ ಅಂಶ ಸಾಕಷ್ಟಿರದ ಕಾರಣ ಅವು ಕ್ಷ-ಕಿರಣಕ್ಕೆ ನೆರಳು ಕೊಡುವುದಿಲ್ಲ. ಚಿತ್ರದಲ್ಲಿ ಕಲ್ಲು ಕಾಣಲಿಲ್ಲವೆಂದ ಮಾತ್ರಕ್ಕೆ ಕಲ್ಲು ಇಲ್ಲವೆಂದು ಹೇಳುವಂತಿಲ್ಲ. ಹಾಗೆಯೇ, ಹಿಂದೆ ಎಂಡೋಸ್ಕೋಪಿಯಿಂದ ಪಿತ್ತನಾಳದ ಬಾಯನ್ನು ಅಗಲಿಸಿದ್ದರೆ ಅದರಿಂದಲೂ ಪಿತ್ತನಾಳದಲ್ಲಿ ಗಾಳಿ ಕಾಣಬಹುದೆಂಬುದನ್ನು ನೆನಪಿಡಬೇಕು.

ನಾಲ್ಕನೆಯದು ಅಲ್ಟ್ರಾಸೌಂಡ್. ಪಿತ್ತಕೋಶದ ಸ್ಥಿತಿಯನ್ನೂ ಉಳಿದ ಕಲ್ಲುಗಳನ್ನೂ ಅದು ತೋರಿಸಬಲ್ಲದು. ಆದರೆ ಉಬ್ಬಿದ ಕರುಳಿನ ಗಾಳಿ ಅದಕ್ಕೆ ಅಡ್ಡಿ. ಐದನೆಯದಾದ ಸಿ.ಟಿ. ಸ್ಕ್ಯಾನ್ ಎಲ್ಲಕ್ಕಿಂತ ವಿಶ್ವಾಸಾರ್ಹ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪ್ರಸಂಗಗಳಲ್ಲಿ ಅದು ನಿದಾನವನ್ನು ಖಚಿತಪಡಿಸುತ್ತದೆ. ಕಲ್ಲಿನ ಗಾತ್ರ, ಸಿಕ್ಕಿಕೊಂಡ ಸ್ಥಾನ, ಎರಡನೆಯ ಕಲ್ಲು ಇದೆಯೇ, ಕರುಳಿನ ಗೋಡೆಗೆ ರಕ್ತಸಂಚಾರವಿದೆಯೇ ಎಂಬುದನ್ನೆಲ್ಲ ಅದು ಶಸ್ತ್ರವೈದ್ಯರಿಗೆ ಮುಂಚಿತವಾಗಿಯೇ ತಿಳಿಸುತ್ತದೆ.

ಚಿಕಿತ್ಸೆ

ಚಿಕಿತ್ಸೆಯ ಮೊದಲ ಹಂತ ಶಸ್ತ್ರಕ್ಕಿಂತ ಮುಂಚಿನದು. ಬಾಯಿಯಿಂದ ಏನನ್ನೂ ಕೊಡಬಾರದು. ಮೂಗಿನ ಮೂಲಕ ಜಠರಕ್ಕೆ ನಳಿಕೆಯನ್ನು ಇಳಿಸಿ ಅಲ್ಲಿ ನಿಂತ ರಸವನ್ನು ಹೊರತೆಗೆಯಬೇಕು. ಇಲ್ಲವಾದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ವಾಂತಿಯಲ್ಲಿಯೂ ಉಬ್ಬಿದ ಕರುಳಿನೊಳಗೂ ನಷ್ಟವಾದ ನೀರು ಮತ್ತು ಲವಣವನ್ನು ರಕ್ತನಾಳದ ಮೂಲಕ ತುಂಬಿಕೊಡಬೇಕು. ಮೂತ್ರಕ್ಕೆ ನಳಿಕೆಯಿಟ್ಟು ಗಂಟೆ ಗಂಟೆಗೂ ಅಳೆಯುವುದರಿಂದ ದ್ರವ ಸಾಲದೆ ಇದೆಯೇ ಎಂಬುದು ತಿಳಿಯುತ್ತದೆ. ಮೂತ್ರ ಹರಿಯಲು ತೊಡಗಿದ ಮೇಲೆ ಪೊಟ್ಯಾಸಿಯಂ ಕೊರತೆಯನ್ನು ಸರಿಪಡಿಸಬೇಕು. ವೃದ್ಧರ ಹೃದಯ ದುರ್ಬಲವಾಗಿರುವುದರಿಂದ ದ್ರವವನ್ನು ಒಮ್ಮೆಗೇ ಸುರಿಯುವುದೂ ಅಪಾಯವೇ. ಹನಿ ಹನಿಯಾಗಿ, ಎದೆಯನ್ನು ಪರೀಕ್ಷಿಸುತ್ತಾ ಕೊಡಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ರೋಗದ ಮಾತ್ರೆಗಳ ವಿವರವನ್ನು ಮನೆಯವರಿಂದ ಕೇಳಿ ತಿಳಿಯಬೇಕು.

ಎರಡನೆಯ ಹಂತ ಶಸ್ತ್ರಚಿಕಿತ್ಸೆ. ಸಿಕ್ಕಿಕೊಂಡ ದೊಡ್ಡ ಕಲ್ಲು ತಾನಾಗಿ ಹೊರಬೀಳುವುದು ಬಹು ವಿರಳ. ಅದನ್ನು ನಂಬಿ ಕಾಯುವುದು ಉಚಿತವಲ್ಲ. ಕಲ್ಲಿದ್ದ ಜಾಗದಲ್ಲಿ ಕರುಳಿನ ಗೋಡೆ ಒತ್ತಡದಿಂದ ನಜ್ಜಾಗಿರುತ್ತದೆ. ಆದುದರಿಂದ ಶಸ್ತ್ರವೈದ್ಯರು ಕಲ್ಲನ್ನು ಮೆಲ್ಲಗೆ ಹಿಂದಕ್ಕೆ, ಆರೋಗ್ಯವಾಗಿರುವ ಭಾಗಕ್ಕೆ ಸರಿಸಿ, ಅಲ್ಲಿ ಕರುಳಿನ ಉದ್ದಕ್ಕೆ ಕೊಯ್ದು ಹೊರತೆಗೆಯುತ್ತಾರೆ. ಹೊಲಿಯುವಾಗ ಅಡ್ಡಲಾಗಿ ಹೊಲಿಯುತ್ತಾರೆ. ಉದ್ದದ ಕೊಯ್ತವನ್ನು ಉದ್ದಕ್ಕೇ ಹೊಲಿದರೆ ಕರುಳು ಕಿರಿದಾಗಿ ಮತ್ತೆ ತಡೆಯುಂಟಾಗುವ ಸಂಭವವಿದೆ. ಕರುಳಿನೊಳಗೇ ಕಲ್ಲನ್ನು ಹಿಸುಕಿ ಪುಡಿಮಾಡಲು ಯತ್ನಿಸಿದರೆ ಗೋಡೆ ಹರಿಯಬಹುದು. ಕರುಳಿನ ಒಂದು ಭಾಗ ಕೊಳೆತಿದ್ದರೆ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಇನ್ನೊಂದು ಮುಖ್ಯ ಸಂಗತಿ: ಕರುಳನ್ನು ಆದಿಯಿಂದ ಅಂತ್ಯದವರೆಗೆ ಬೆರಳಿನಿಂದ ತಡವಿ ಎರಡನೆಯ ಕಲ್ಲನ್ನು ಹುಡುಕಬೇಕು. ತೆಗೆದ ಕಲ್ಲಿನ ಒಂದು ಮೈ ಚಪ್ಪಟೆಯಾಗಿ ಸವೆದಿದ್ದರೆ ಅದಕ್ಕೆ ಒತ್ತಿಕೊಂಡಿದ್ದ ಇನ್ನೊಂದು ಕಲ್ಲು ಎಲ್ಲಿಯೋ ಇದೆಯೆಂದೇ ಅರ್ಥ.

ಪಿತ್ತಕೋಶವನ್ನೂ ಫಿಸ್ಟುಲಾವನ್ನೂ ಅದೇ ಸಮಯದಲ್ಲಿ ಸರಿಪಡಿಸಬೇಕೇ ಎಂಬುದು ಬಹುಕಾಲದ ಚರ್ಚೆ. ಒಂದೇ ಸಲಕ್ಕೆ ಮುಗಿಸಿದರೆ ಕಲ್ಲು ಮರುಕಳಿಸುವ ಭಯವಿರದು ಎಂಬುದು ಒಂದು ಪಕ್ಷ. ಬಳಲಿದ ವೃದ್ಧರಿಗೆ ದೀರ್ಘವಾದ ಶಸ್ತ್ರಚಿಕಿತ್ಸೆ ತಾಳಲಾರದ ಭಾರ ಎಂಬುದು ಇನ್ನೊಂದು ಪಕ್ಷ. ೧೦೦೧ ಪ್ರಕರಣಗಳನ್ನು ಪರಿಶೀಲಿಸಿ ೧೯೯೪ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕಲ್ಲನ್ನು ಮಾತ್ರ ತೆಗೆದವರಲ್ಲಿ ಮರಣ ಶೇಕಡ ೧೧.೭, ಎಲ್ಲವನ್ನೂ ಒಟ್ಟಿಗೆ ಮಾಡಿದವರಲ್ಲಿ ಶೇಕಡ ೧೬.೯ ಇತ್ತು. ಕಲ್ಲನ್ನು ಮಾತ್ರ ತೆಗೆದವರಲ್ಲಿ ವ್ಯಾಧಿ ಮರುಕಳಿಸಿದ್ದು ನೂರಕ್ಕೆ ಐದರ ಆಸುಪಾಸು. ಫಿಸ್ಟುಲಾ ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದುದರಿಂದ ಹೆಚ್ಚಿನ ವೃದ್ಧ ರೋಗಿಗಳಲ್ಲಿ ಮೊದಲು ತಡೆಯನ್ನು ನಿವಾರಿಸಿ, ತೊಂದರೆ ಉಳಿದವರಲ್ಲಿ ಮಾತ್ರ ತಿಂಗಳುಗಳ ಬಳಿಕ ಪಿತ್ತಕೋಶದ ವಿಚಾರ ಮಾಡುವುದು ಈಗ ಹೆಚ್ಚಾಗಿ ಒಪ್ಪಿತವಾದ ಕ್ರಮ. ಗಟ್ಟಿಮುಟ್ಟಾಗಿದ್ದು ಬೇರೆ ಕಾಯಿಲೆಗಳಿಲ್ಲದವರಲ್ಲಿ ಒಂದೇ ಹಂತದ ಕ್ರಮವನ್ನು ಅನುಭವಸ್ಥರು ಕೈಗೊಳ್ಳಬಹುದು. ಅನುಕೂಲವಿರುವ ಕಡೆ ಲ್ಯಾಪರೋಸ್ಕೋಪಿಯ ನೆರವಿನಿಂದ ಸಣ್ಣ ಕೊಯ್ತದಲ್ಲಿಯೇ ಕಲ್ಲನ್ನು ತೆಗೆಯುವುದುಂಟು. ಜಠರದ ಹೊರದಾರಿಯಲ್ಲಿ ಸಿಕ್ಕಿದ ಕಲ್ಲನ್ನು ಎಂಡೋಸ್ಕೋಪಿಯಿಂದ ಒಡೆದು ತೆಗೆಯಲು ಮೊದಲು ಯತ್ನಿಸುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರ

ಕಲ್ಲು ಹೊರಬಂದೊಡನೆ ಕೆಲಸ ಮುಗಿಯಿತೆಂದಲ್ಲ. ವೃದ್ಧರು ಈ ಹಂತದಲ್ಲಿ ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವಿಕೆ, ಹೃದಯದ ತೊಂದರೆ, ಗಾಯದ ಕೀವು ಇವುಗಳಿಗೆ ಸುಲಭವಾಗಿ ತುತ್ತಾಗುತ್ತಾರೆ. ಹಾಸಿಗೆಯಲ್ಲಿ ಮಲಗಿಸಿಯೇ ಇಡದೆ ಬೇಗ ಎಬ್ಬಿಸಿ ಕೂರಿಸುವುದು, ನಡೆಸುವುದು, ದೀರ್ಘವಾಗಿ ಉಸಿರೆಳೆಯುವ ಅಭ್ಯಾಸ ಮಾಡಿಸುವುದು ಔಷಧದಷ್ಟೇ ಮುಖ್ಯ. ಕೆಲವರಿಗೆ ರಾತ್ರಿಯ ಹೊತ್ತು ಬುದ್ಧಿ ಭ್ರಮೆಯಾಗಿ, ತಾವೆಲ್ಲಿದ್ದೇವೆಂಬುದೇ ಮರೆಯುತ್ತದೆ. ಅಂಥವರಿಗೆ ಅವರ ಕನ್ನಡಕ, ಕಿವಿಯ ಯಂತ್ರಗಳನ್ನು ಒದಗಿಸಿ, ಪರಿಚಿತ ಮುಖವೊಂದು ಹತ್ತಿರವಿರುವಂತೆ ನೋಡಿಕೊಂಡರೆ ಬೇಗ ತಿಳಿಯಾಗುತ್ತಾರೆ. ಕರುಳಿನ ಚಲನೆ ಮರಳಿದ ಮೇಲೆ ನೀರು, ಗಂಜಿ, ಮೆತ್ತನೆಯ ಅನ್ನ ಎಂಬ ಕ್ರಮದಲ್ಲಿ ಆಹಾರವನ್ನು ಹೆಚ್ಚಿಸಬೇಕು.

ಮನೆಯವರು ಅರಿಯಬೇಕಾದುದು

ವಯಸ್ಸಾದವರಿಗೆ ಹೊಟ್ಟೆನೋವಿನೊಡನೆ ಪದೇ ಪದೇ ವಾಂತಿಯಾಗುತ್ತಿದ್ದು, ಮಲವೂ ವಾಯುವೂ ಹೋಗದಿದ್ದರೆ ಅದೇ ದಿನ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ೧೦೮ ಸಂಖ್ಯೆಗೆ ಕರೆ ಮಾಡಿದರೆ ಆಂಬ್ಯುಲೆನ್ಸ್ ದೊರೆಯುತ್ತದೆ. ಇಂಥ ಸಮಯದಲ್ಲಿ ಹರಳೆಣ್ಣೆಯಾಗಲಿ ಬೇರೆ ಭೇದಿಯ ಔಷಧವಾಗಲಿ ಕೊಡಬಾರದು. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ಒತ್ತಡ ಹೆಚ್ಚಿಸಿದಂತಾಗುತ್ತದೆ. ನೋವು ನಡುವೆ ಇಳಿದರೂ ವೈದ್ಯರಲ್ಲಿಗೆ ಹೋಗುವುದನ್ನು ಬಿಡಬಾರದು. ಹಿಂದೆ ಎಂದಾದರೂ ಪಿತ್ತಕೋಶದಲ್ಲಿ ಕಲ್ಲಿದೆಯೆಂದು ಬರೆದ ಸ್ಕ್ಯಾನ್ ಚೀಟಿ ಮನೆಯಲ್ಲಿದ್ದರೆ ಅದನ್ನೂ, ನಿತ್ಯ ಸೇವಿಸುವ ಮಾತ್ರೆಗಳನ್ನೂ ಜೊತೆಯಲ್ಲಿ ಒಯ್ಯಬೇಕು. ಆ ಒಂದು ಹಳೆಯ ಚೀಟಿ ವೈದ್ಯರ ಯೋಚನೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಬಲ್ಲದು.

ತೊಂದರೆ ಕೊಡದ ಕಲ್ಲನ್ನೆಲ್ಲ ಹೆದರಿ ತೆಗೆಸಬೇಕಾಗಿಲ್ಲ. ಆದರೆ ಊಟದ ಬಳಿಕ ಬಲಪಕ್ಕೆಯ ಮೇಲ್ಭಾಗದಲ್ಲಿ ಮತ್ತೆ ಮತ್ತೆ ನೋವು ಕಾಣಿಸಿಕೊಳ್ಳುವವರು, ಅದರಲ್ಲಿಯೂ ದೊಡ್ಡ ಕಲ್ಲಿರುವವರು, ಶರೀರದಲ್ಲಿ ಶಕ್ತಿಯಿರುವಾಗಲೇ ಶಸ್ತ್ರವೈದ್ಯರ ಸಲಹೆ ಪಡೆಯುವುದು ಲೇಸು. ಮನೆಯ ಹಿರಿಯರು ತಮ್ಮ ನೋವನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಮಕ್ಕಳಿಗೆ ತೊಂದರೆ, ಖರ್ಚು ಎಂದು ಹಿಂಜರಿಯುತ್ತಾರೆ. ಅವರು ಊಟ ಬಿಟ್ಟುದನ್ನೂ ರಾತ್ರಿ ನರಳಿದುದನ್ನೂ ಗಮನಿಸಿ ಕೇಳುವ ಹೊಣೆ ಕಿರಿಯರದು. ಸಕಾಲದಲ್ಲಿ ಕೇಳಿದ ಒಂದು ಪ್ರಶ್ನೆಯಿಂದ ಈ ವ್ಯಾಧಿಯಲ್ಲಿ ಒಂದು ಜೀವ ಉಳಿಯಬಹುದು.